ವೈನ್ ಶಾಪಿನವರ ಕಪಾಟು

ವೈನ್ ಶಾಪಿನವರು ಹೋಗಿಬಿಟ್ಟರು ಎಂದು ಹಾಲಿನವಳು ಗೇಟಿನಾಚೆಯಿಂದ ಕೂಗಿ ಹೇಳಿದಾಗ ನಾನು ಅವಲಕ್ಕಿ ತೊಳೆಯುತ್ತಿದ್ದೆ. ತೊಳೆಯುವುದನ್ನು ಮುಗಿಸಿದೆ. ನೀರು ಬಸಿದೆ. ಒಗ್ಗರಣೆ ಹಾಕಿ ತಿಂದೆ. ಸಾವಿನ ಮನೆಗೆ ಹೋಗುವ ಮುಂಚೆ ತಿನ್ನಬೇಕೋ ಬಿಡಬೇಕೋ ಎಂದು ಯೋಚಿಸಲೂ ಇಲ್ಲ. ಆಮೇಲೆ ಸೀರೆ ಬದಲಾಯಿಸಿಕೊಂಡು ಎದುರುಮನೆಗೆ ಹೋದೆ.

ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಜೀವಮಾನವಿಡೀ ನಿಂತು ದುಡಿದ ಮನುಷ್ಯ, ಕೊನೆಗಾದರೂ ಕೂತರಲ್ಲ ಎಂದುಕೊಂಡೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತಳು. ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಹತ್ತು ಜನ ನೋಡುತ್ತಾರಲ್ಲ ಎಂದು ಸೆರಗಿನಿಂದ ಒತ್ತಿಯೂ ನೋಡಿದೆ. ಸೆರಗು ಒಣಗೇ ಇತ್ತು.

ಅದಾಗಿ ಮೂರು ವಾರ. ಇವತ್ತಿಗೂ ಹಾಗೇ ಇದೆ. ಹಲ್ಲು ಕೀಳಿಸಿಕೊಂಡ ದಿನ ದವಡೆ ಇರುವ ಹಾಗೆ. ಮುಟ್ಟಿದರೆ ಅಲ್ಲಿದೆ ಎಂದು ಗೊತ್ತಾಗುತ್ತದೆ, ಆದರೆ ನನ್ನದು ಅನ್ನಿಸುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ದುರ್ಗಿಗುಡಿಯ ಈ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಪೋಸ್ಟಿನವರು, ಬ್ಯಾಂಕಿನವರು ಎನ್ನುವ ಹಾಗೆಯೇ ವೈನ್ ಶಾಪಿನವರು ಎನ್ನುತ್ತಿದ್ದೆವು. ಆದರೆ ಹಾಗೆನ್ನುವಾಗ ದನಿ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಇದ್ದಾಗ ಕರೆಯದ ಹೆಸರನ್ನು ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದು ನಾನೇನೂ ದೊಡ್ಡವಳಾಗಬೇಕಾಗಿಲ್ಲ.

ಅವರು ಭದ್ರಾವತಿಯವರು. ಅಲ್ಲಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದರು. ಹಂಡೆಯಿಂದ ಸಾಂಬಾರು ಬಡಿಸಲು ಹೋಗುವ ಮುಂಚೆ ಒಂದು ಸೌಟು ಅವರ ಅಂಗೈಗೆ ಬೀಳಬೇಕು, ಅವರು ಸುರ್ರೆಂದು ಹೀರಬೇಕು, ಕಣ್ಣು ಮುಚ್ಚಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಂದು ಕ್ಷಣ ಸುಮ್ಮನಿರಬೇಕು, ಆಮೇಲೆ "ಹೋಗ್ಲಿ" ಅನ್ನಬೇಕು. ಅಲ್ಲಿಯವರೆಗೆ ಇಡೀ ಶಿಫ್ಟು ಕಾಯಬೇಕು.

"ತಮಿಳಿನವ್ರಿಗೆ ಹುಳಿ ಬೇಕು, ತೆಲುಗಿನವ್ರಿಗೆ ಖಾರ ಬೇಕು, ನಮ್ಮವ್ರಿಗೆ ಬೆಲ್ಲ ಬೇಕು. ಮೂರೂ ಜನಾನ ಒಂದೇ ಹಂಡೇಲಿ ಕೂರ್ಸಿದವ್ನು ನಾನು ಅಕ್ಕ," ಎನ್ನುತ್ತಿದ್ದರು. ಅವರ ಜಂಬವೆಂದರೆ ಅದೊಂದೇ.

ಆ ಕೆಲಸಕ್ಕಾಗಿಯೇ ಅವರು ಎಲೆ ಅಡಿಕೆ ಮುಟ್ಟಿದವರಲ್ಲ, ಬೀಡಿ ಸೇದಿದವರಲ್ಲ. ಕೆಲವರು ವಾಚನ್ನು ಇಟ್ಟುಕೊಳ್ಳುವಷ್ಟು ಜೋಪಾನವಾಗಿ ನಾಲಿಗೆಯನ್ನು ಇಟ್ಟುಕೊಂಡಿದ್ದರು. ಹಾಗಾಗಿ ಕ್ಯಾಂಟೀನು ನಿಂತು, ಅವರು ಶಿವಮೊಗ್ಗಕ್ಕೆ ಬಂದು, ನಮ್ಮ ಎದುರುಮನೆ ಬಾಡಿಗೆಗೆ ಹಿಡಿದು, ಬಸ್ ಸ್ಟ್ಯಾಂಡಿನ ಕಡೆಯ ಒಂದು ವೈನ್ ಶಾಪಿನ ಕೌಂಟರಿನಲ್ಲಿ ನಿಂತಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವರು ಅವರೇ.

ವಿಭೂತಿ ಹಚ್ಚಿಕೊಂಡೇ ಅಂಗಡಿಗೆ ಹೋಗುತ್ತಿದ್ದರು. ಓನರ್ ಹುಡುಗ, ಅವರ ಮಗನ ವಯಸ್ಸಿನವನು, "ಅದನ್ನ ಒರಸ್ಕೊಂಡು ಬನ್ನಿ, ಗಿರಾಕಿಗಳು ಹೆದರ್ಕೋತಾರೆ" ಎಂದನಂತೆ. "ಕ್ಯಾಂಟೀನಲ್ಲೂ ಹಚ್ಚಿದ್ದೆ, ಯಾರೂ ಊಟ ಬಿಟ್ಟಿರ್ಲಿಲ್ಲ," ಎಂದು ಇವರು.

ಸಂಜೆ ಬೀದಿಗೆ ನೀರು ಹಾಕುವಾಗ ನಾನು ಗೇಟಿನಲ್ಲಿ ನಿಂತು ಅವರನ್ನು ಮಾತಿಗೆ ಎಳೆಯುತ್ತಿದ್ದೆ. ನನಗೆ ಚಟ ಅದು. ಒಂದು ದಿನ ಅವರು ಹೇಳಿದರು:

"ಬೋರ್ಡ್ ಮೇಲೆ ವೈನ್ ಅಂತಿದೆ ಅಕ್ಕ. ಒಳಗೆ ಹುಡುಕಿದ್ರೆ ವೈನೇ ಇಲ್ಲ. ಬರೀ ಬ್ರಾಂದಿ, ವಿಸ್ಕಿ. ಹೋಟ್ಲು ಅಂತ ಬೋರ್ಡ್ ಹಾಕಿ ಬೀಡಿ ಮಾರಿದಂಗಾಯ್ತು."

"ಒಂದೂ ಇಲ್ವಾ?"

"ಮೇಲ್ಗಡೆ ಧೂಳಲ್ಲಿ ಆರು ಬಾಟ್ಲಿ ಇದಾವೆ. ಯಾರಾದ್ರೂ ಕೈ ತೋರಿಸಿದ್ರೆ ಪಕ್ಕದವ್ರು ನಗ್ತಾರೆ. ಸಾಹುಕಾರ ಬಂದ ನೋಡ್ರೋ ಅಂತಾರೆ."

ಆ ಆರು ಬಾಟಲಿಯ ಧೂಳು ಒರೆಸುವುದು ಅವರ ಪಾಲಿಗೆ ಬಂದಿತ್ತು. ಒರೆಸುತ್ತ ಒರೆಸುತ್ತ ಓದಿದರು. ವೈನ್ ಕಂಪನಿಯವನೊಬ್ಬ ಬಂದು ಹಾಳೆಯೊಂದನ್ನು ಕೊಟ್ಟು ಹೋದ. ಅದನ್ನು ತಂದು ನನಗೆ ತೋರಿಸಿದರು.

"ಇದ್ರಲ್ಲಿ ಚರ್ಮದ ವಾಸ್ನೆ ಬರತ್ತಂತೆ, ನೋಡಿ. ಅದೇನು ಚಪ್ಲಿ ಅಂಗ್ಡೀಲಿ ಕೂತು ಕುಡೀಬೇಕಾ?"

"ಕುಡಿದವ್ರಿಗೆ ಚಪ್ಲಿ ಏಟು ಬೀಳತ್ತೆ ಅಂತ ಮುಂಚೇನೇ ಹೇಳಿದಾರೆ ಬಿಡಿ," ಎಂದೆ.

ಅವರು ನಗಲಿಲ್ಲ. ನಾಲಿಗೆ ಅಂಗುಳಕ್ಕೆ ಒತ್ತಿ ಯೋಚನೆ ಮಾಡುತ್ತಿದ್ದರು. ಆಮೇಲೆ, "ಸಾಂಬಾರ್ ಬಗ್ಗೆ ಹಿಂಗೆ ಬರೆದಿದ್ರೆ ಒಬ್ಬನೂ ಊಟಕ್ಕೆ ಬರ್ತಿರ್ಲಿಲ್ಲ ಅಕ್ಕ," ಎಂದರು.

ಮುಂದಿನ ವಾರ ಆರೂ ಬಾಟಲಿಯ ಕತ್ತಿಗೆ ಒಂದೊಂದು ಚೀಟಿ ಬಿದ್ದಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ, ದುಂಡು ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ರಬ್ಬರ್ ಬ್ಯಾಂಡ್ ಹಾಕಿದ್ದರು. ಬರೆಯುವ ಮುಂಚೆ ಕಂಪನಿಯವನು ಕೊಟ್ಟ ಸ್ಯಾಂಪಲ್ಲಿನಿಂದ ಒಂದೊಂದರದೂ ಒಂದು ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ಉಗಿದಿದ್ದರಂತೆ. ಚೀಟಿಗಳನ್ನೆಲ್ಲ ನನಗೆ ಬಾಯಿಪಾಠ ಒಪ್ಪಿಸಿದ್ದರು. ಒಂದರ ಮೇಲೆ, "ನೇರಳೆ ಹಣ್ಣು ತಿಂದ ನಾಲಿಗೆ. ಕೊನೆಗೆ ಒಗರು. ಎಣ್ಣೆಗಾಯಿ ಜೊತೆ ಚೆನ್ನ." ಇನ್ನೊಂದರ ಮೇಲೆ, "ಹಸಿ ಸೀಬೆಕಾಯಿ. ತಣ್ಣಗೆ ಮಾಡಿ. ಬಿಸಿಲಲ್ಲಿ ಬಂದವರಿಗೆ." ಮತ್ತೊಂದರ ಮೇಲೆ, "ಹಲಸಿನ ತೊಳೆಯಷ್ಟು ಸಿಹಿ. ಹೊಸಬರು ಇಲ್ಲಿಂದ ಶುರು ಮಾಡಿ." ಎಲ್ಲದರ ಕೊನೆಗೂ ಒಂದೇ ಸಾಲು: "ಕೂತು ಕುಡಿಯಿರಿ. ಸ್ಟೀಲ್ ಲೋಟ ಸಾಕು."

ಕ್ವಾರ್ಟರ್ ಬ್ರಾಂದಿ ತಗೊಳ್ಳಲು ನಿಂತವರು ಕಾಯುತ್ತ ಕಾಯುತ್ತ ಚೀಟಿ ಓದಲು ಶುರು ಮಾಡಿದರು. ಓದಿದವರಲ್ಲಿ ಒಬ್ಬಿಬ್ಬರು ಕೇಳಿದರು. ಆರು ಬಾಟಲಿ ಹೋಗಿ ಒಂದು ಪೆಟ್ಟಿಗೆ ಬಂತು. ಓನರ್ ಹುಡುಗ ಕೌಂಟರಿನ ಪಕ್ಕ ಒಂದು ಗಾಜಿನ ಕಪಾಟು ಕೊಟ್ಟ. ಆ ಕಪಾಟಿನ ಬೀಗದ ಕೈ ಇವರ ಜನಿವಾರವೋ ಎಂಬಂತೆ ಕೊರಳ ದಾರದಲ್ಲಿತ್ತು ಎಂದು ಹಾಸ್ಯ ಮಾಡೋಣವೆಂದರೆ ಅವರು ಲಿಂಗ ಕಟ್ಟಿದವರು. ಹಾಗಾಗಿ ಲಿಂಗದ ಕರಡಿಗೆ ಒಂದು ಕಡೆ, ಬೀಗದ ಕೈ ಒಂದು ಕಡೆ ಎಂದು ತಿದ್ದಿಕೊಳ್ಳುತ್ತೇನೆ.

ವ್ಯಾಪಾರದಲ್ಲಿ ಅವರದೊಂದು ರೀತಿ ಇತ್ತು. ಯಾರೋ ಬಂದು, "ಇದು ಹಾರ್ಟಿಗೆ ಒಳ್ಳೇದಂತಲ್ಲ ಅಣ್ಣ?" ಎಂದರೆ, "ಹಾರ್ಟಿಗೆ ಬೇಕಂದ್ರೆ ಸೊಪ್ಪು ತಿನ್ನಿ. ಇದು ನಾಲ್ಗೆಗೆ ಅಷ್ಟೇ," ಎನ್ನುವರು. ಆಗಲೇ ಕುಡಿದು ಬಂದವನಿಗೆ ಕಪಾಟಿನಿಂದ ಕೊಡುತ್ತಲೇ ಇರಲಿಲ್ಲ. "ಇವತ್ತು ನಿಮ್ಮ ನಾಲ್ಗೆ ಡ್ಯೂಟೀಲಿಲ್ಲ. ನಾಳೆ ಬನ್ನಿ." ಬಿರಡೆ ತೆಗೆಯಲು ಬರದೆ ಬಾಟಲಿಯನ್ನು ಗೋಡೆಗೆ ಕುಟ್ಟಿ ಒಡೆದುಕೊಂಡವನೊಬ್ಬನಿಗೆ ಒಂದು ಸ್ಕ್ರೂ, ಒಂದು ಕಟಿಂಗ್ ಪ್ಲೇಯರ್ ಇಟ್ಟುಕೊಂಡು ಹೇಗೆ ತೆಗೆಯುವುದೆಂದು ಫುಟ್‌ಪಾತಿನಲ್ಲಿ ಕೂತು ಕಲಿಸಿದ್ದರು.

ಆಟೋ ಓಡಿಸುವವನೊಬ್ಬ ನೇರಳೆ ಚೀಟಿಯ ಬಾಟಲಿ ಒಯ್ದು ಎರಡು ದಿನ ಬಿಟ್ಟು ಬಂದನಂತೆ.

"ನೀವು ಹೇಳಿದಂಗೇ ಕೂತು ಕುಡಿದೆ ಅಣ್ಣ. ಹೆಂಡ್ತಿಗೂ ಅರ್ಧ ಲೋಟ ಕೊಟ್ಟೆ. ಎಷ್ಟೋ ದಿನ ಆದ್ಮೇಲೆ ಇಬ್ರೂ ಕೂತು ಮಾತಾಡಿದ್ವಿ."

"ಒಳ್ಳೇದಾಯ್ತಲ್ಲಪ್ಪ."

"ಎಲ್ಲಿ ಒಳ್ಳೇದು? ಹಳೇದೆಲ್ಲ ನೆನಪಾಗಿ ತವರಿಗೆ ಹೋಗಿದಾಳೆ."

ಇದನ್ನು ಹೇಳಿ ಅವರು ಗೇಟು ಹಿಡಿದುಕೊಂಡು ನಕ್ಕಿದ್ದರು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಅವಳು ಬಂದಳಂತೆ, ಅದನ್ನೂ ವಿಚಾರಿಸಿಕೊಂಡು ಬಂದು ಹೇಳಿದರು.

ಕಪಾಟು ಬಂದಷ್ಟೇ ಬೇಗ ಅದರ ಮೇಲೆ ಕಣ್ಣೂ ಬಿತ್ತು. ಜಾಗ ಸಾಲದು, ಅಲ್ಲಿ ಕ್ವಾರ್ಟರ್ ಇಟ್ಟರೆ ಸರಸರ ಹೋಗುತ್ತದೆ ಎಂದು ಓನರಿನ ಲೆಕ್ಕ. ಒಂದು ಸಂಜೆ ಇವರು ಗೇಟಿನ ಹತ್ತಿರ ಬಂದು ನಿಂತರು. ಕೈ ಒದ್ದೆಯಿಲ್ಲದಿದ್ದರೂ ಹೆಗಲ ಟವೆಲಿಗೆ ಒರೆಸುತ್ತಿದ್ದರು.

"ದೀಪಾವಳಿ ತನಕ ಟೈಮ್ ಕೊಟ್ಟಿದಾನೆ ಅಕ್ಕ. ಹೆಣ್ಮಕ್ಳು ನಿಮ್ಮ ಕಪಾಟು ಕೇಳ್ಕೊಂಡು ಬರೋ ಹಾಗಿದ್ರೆ ಪಕ್ಕದಲ್ಲಿ ಒಂದು ಸಪ್ರೇಟ್ ಕಿಟಕಿ ಮಾಡ್ಸಿ, ಅದನ್ನ ನಿಮ್ಗೇ ಬಿಡ್ತೀನಿ ಅಂದ. ಇಲ್ದಿದ್ರೆ ಕಪಾಟು ಖಾಲಿ ಮಾಡಿ, ನೀವು ನಮ್ಮ ಭದ್ರಾವತಿ ಅಂಗ್ಡಿಗೆ ಹೋಗಿ ಅಂದ."

"ಅಲ್ಲೂ ಕೆಲ್ಸ ತಾನೇ?"

"ಅಲ್ಲಿ ಜಾಲರಿ ಇದೆ. ಕೈ ತೂರೋಷ್ಟು ತೂತು. ಕೈ ಬರತ್ತೆ, ಕೊಡ್ಬೇಕು, ಕೈ ಹೋಗತ್ತೆ. ಮುಖಾನೇ ಕಾಣಲ್ಲ. ನಾನು ಯಾರ ಹತ್ರ ಮಾತಾಡ್ಲಿ?"

ನನಗೆ ತಲೆ ಎಲ್ಲಿ ತಿರುಗಿತೋ. "ನಮ್ಮ ಭಜನೆಯವ್ರು ಐದು ಜನ ಇದೀವಲ್ಲ. ಗುರುವಾರ ನಮ್ಮನೇಗೇ ತಗೊಂಡ್ಬನ್ನಿ. ರುಚಿ ನೋಡ್ತೀವಿ. ಚೆನ್ನಾಗಿದ್ರೆ ಬಾಯಿಂದ ಬಾಯಿಗೆ ಹೋಗತ್ತೆ," ಎಂದುಬಿಟ್ಟೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನಿಮ್ಮನೇಲಾ? ಯಜಮಾನ್ರು?"

ನಮ್ಮ ಯಜಮಾನರು ರಿಟೈರ್ಡ್ ಹೆಡ್‌ಮಾಸ್ತರು. ಪೂಜೆ ಮುಗಿಯದೆ ನೀರು ಕುಡಿದವರಲ್ಲ. ಆ ಗುರುವಾರ ಅವರು ಭದ್ರಾವತಿಗೆ ಒಂದು ನಾಮಕರಣಕ್ಕೆ ಹೊರಟಿದ್ದರು. ಅದು ನನಗೆ ಗೊತ್ತಿದ್ದೇ ಹೇಳಿದ್ದೆ.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಕೈಚೀಲ ಹಿಡಿದು ಬಂದರು. ಮೇಲೆ ಹರಿವೆ ಸೊಪ್ಪು, ಕೆಳಗೆ ಪೇಪರಿನಲ್ಲಿ ಸುತ್ತಿದ ಎರಡು ಬಾಟಲಿ. ನಡುಮನೆಯೊಳಗೆ ಕಾಲಿಡಲಿಲ್ಲ. ಹೊಸ್ತಿಲ ಹತ್ತಿರ ಮಣೆ ಹಾಕಿಸಿಕೊಂಡು ಕೂತರು. ಮುಂಚಿನ ದಿನವೇ ನನಗೆ ಪಾಠ ಹೇಳಿದ್ದರು: ಖಾರ ಬೇಡ, ಮಧ್ಯೆ ಮಧ್ಯೆ ಸಪ್ಪೆ ಮಂಡಕ್ಕಿ ಕೊಡಿ, ನೀರು ಕೊಡಿ. ಎಲ್ಲ ಹಾಗೇ ಮಾಡಿದ್ದೆ.

ಒಂದನ್ನು ಮಾತ್ರ ನನ್ನ ಬುದ್ಧಿಯಿಂದ ಮಾಡಿದ್ದೆ. ಹೆಂಗಸರೆಲ್ಲ ಸೇರಿದ್ದಕ್ಕೆ ಒಂದು ನೆಪ ಬೇಕಲ್ಲ. ಅರಿಶಿನ ಕುಂಕುಮಕ್ಕೆ ಕರೆದಿದ್ದೇನೆ ಎಂದು ಬೀದಿಗೆಲ್ಲ ಹೇಳಿದ್ದೆ. ತಾಂಬೂಲವನ್ನು ಹೊರಡುವಾಗ ಕೊಡುವುದು ಪದ್ಧತಿ. ಯಾರಾದರೂ ಹಣಕಿ ನೋಡಿದರೆ ಕಾಣಲಿ ಎಂದು ಎಲೆ, ಅಡಿಕೆ, ಸುಣ್ಣದ ತಟ್ಟೆಯನ್ನು ಮೊದಲೇ ನಡುವೆ ಇಟ್ಟಿದ್ದೆ.

"ಬಾಯಿ ಖಾಲಿ ಇಟ್ಕೊಂಡ್ರೆ ಭಯ ಆಗತ್ತೆ ಮಾರಾಯ್ತಿ. ಆ ತಟ್ಟೆ ಈ ಕಡೆ ತಳ್ಳು," ಎಂದಳು ಪಾರ್ವತಕ್ಕ. ಭಜನೆಯಲ್ಲಿ ತಾಳ ಹಾಕುವವಳು ಅವಳು, ಬೀದಿಯಲ್ಲೂ ಅವಳದೇ ತಾಳ. ಅವಳು ಎಲೆ ಮಡಚಿ ಬಾಯಿಗಿಟ್ಟಳು, ಉಳಿದವರೂ ಇಟ್ಟರು. ನಾನು ಲೋಟ ಜೋಡಿಸುವ ಗಡಿಬಿಡಿಯಲ್ಲಿ ಹಾಕಿಕೊಳ್ಳಲಿಲ್ಲ.

ವೈನ್ ಶಾಪಿನವರು ಇದನ್ನು ನೋಡಲಿಲ್ಲವೇ ಎಂದರೆ, ನೋಡಲಿಲ್ಲ. ಬೇರೆಯವರ ಮನೆಯ ಹೆಂಗಸರ ಮುಖ ನೋಡುವ ಮನುಷ್ಯ ಅಲ್ಲ ಅವರು. ಕೂತಲ್ಲಿಂದ ಲೋಟಗಳನ್ನೇ ನೋಡುತ್ತಿದ್ದರು. ಐದು ಪುಟ್ಟ ಸ್ಟೀಲ್ ಲೋಟಕ್ಕೆ ಎರಡೆರಡು ಬೆರಳು ಕೆಂಪಗೆ ಸುರಿದರು.

"ಮೊದ್ಲು ಮೂಸಿ ನೋಡಿ ತಾಯಿ."

"ಮೂಸಕ್ಕೆ ನಾವೇನು ಹಸೂನಾ?" ಎಂದಳು ಸುಮಿತ್ರ. ಬ್ಯಾಂಕಿನಲ್ಲಿದ್ದು ರಿಟೈರ್ ಆದವಳು.

"ಕಾಫಿಪುಡಿ ತಗೊಳೋವಾಗ ಮೂಸಲ್ವಾ, ಹಂಗೆ. ಆಮೇಲೆ ಒಂದು ಗುಟ್ಕು. ನುಂಗ್ಬೇಡಿ ತಕ್ಷಣ. ಬಾಯಲ್ಲಿಟ್ಕೊಂಡು ಮೂರು ಎಣ್ಸಿ."

ಎಲ್ಲರೂ ಕೆನ್ನೆ ಉಬ್ಬಿಸಿಕೊಂಡು ಎಣಿಸಿದರು. ನಾನೂ ಎಣಿಸಿದೆ. ನನ್ನ ಬಾಯಲ್ಲಿ ನೇರಳೆ ಬಂತು. ಚೀಟಿಯಲ್ಲಿ ಬರೆದ ಹಾಗೇ ಬಂತು, ಮೂರಕ್ಕೆ ಸರಿಯಾಗಿ ಒಗರು ಬಂತು. ಅವರ ಕಡೆ ತಿರುಗಿ ಹೇಳಬೇಕು ಎನ್ನುವಷ್ಟರಲ್ಲಿ ಪಾರ್ವತಕ್ಕ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

"ಥೂ! ಮಣ್ಣು ಕಣೇ! ಸೋಪು ನೆಕ್ಕಿದಂಗಿದೆ!"

ಅವಳು ಉಗಿದಿದ್ದು ಬಿಳಿ ಬೇಸಿನ್ನಿನಲ್ಲಿ ಕಪ್ಪು ನೀಲಿಯಾಗಿ ಇಳಿಯಿತು. ಹಿಂದೆಯೇ ಹೋದ ಸುಮಿತ್ರ ಕನ್ನಡಿ ನೋಡಿಕೊಂಡು ಕಿರುಚಿದಳು. ನಾಲಿಗೆ ಮಸಿ ನೆಕ್ಕಿದ ಹಾಗಿತ್ತು. ಲೋಟದ ಅಂಚಿನಲ್ಲಿ ಬೆರಳು ಇಟ್ಟಲ್ಲೆಲ್ಲ ಹಸಿರು ಮಿಶ್ರಿತ ನೀಲಿ ಗುರುತು. ಪಾರ್ವತಕ್ಕ ಸೆರಗಿನಲ್ಲಿ ಬಾಯಿ ಒರೆಸಿಕೊಂಡ ಕಡೆಯೂ ಅದೇ.

"ಬಣ್ಣ ಹಾಕಿದಾರೆ ಕಣೇ ಇದಕ್ಕೆ! ವಿಷ ಇದು! ಏನ್ರೀ ಕುಡಿಸಿದ್ರಿ ನಮ್ಗೆ?" ಎಂದು ಪಾರ್ವತಕ್ಕ ಕೂಗಿದಳು.

ಅವರು ಎದ್ದು ನಿಂತಿದ್ದರು. ಆಗಲೂ ಯಾರ ಮುಖವನ್ನೂ ನೋಡಲಿಲ್ಲ. ಒಂದು ಲೋಟ ಎತ್ತಿ, ಅದರ ಅಂಚಿನ ನೀಲಿ ಗುರುತನ್ನೇ ನೋಡುತ್ತ, "ಇಲ್ಲ ತಾಯಿ, ಇದು ಹಿಂಗಾಗಲ್ಲ, ಹಿಂಗಾಗಲ್ಲ," ಎನ್ನುತ್ತಿದ್ದರು. ಹೆಂಗಸರೆಲ್ಲ ಹಿತ್ತಲ ಬಾಗಿಲಿನಿಂದ ಹೊರಟುಹೋದರು. ನಾನು ಬೇಸಿನ್ ತಿಕ್ಕುವುದಕ್ಕೆ ನಿಂತೆ. ಯಜಮಾನರು ಸಂಜೆ ಬರುವವರಿದ್ದರು.

ಮಾರನೆಯ ದಿನ ಬೆಳಿಗ್ಗೆ, ಯಜಮಾನರು ಪೂಜೆಗೆ ಕೂತ ಹೊತ್ತಿನಲ್ಲಿ, ಅವರು ಗೇಟಿಗೆ ಬಂದರು. ಕೈಯಲ್ಲಿ ಒಂದು ಪಿಂಗಾಣಿ ಬಟ್ಟಲು, ತಳದಲ್ಲಿ ಸ್ವಲ್ಪ ವೈನು. ಇನ್ನೊಂದು ಕೈಯ ಬೆರಳ ತುದಿಯಲ್ಲಿ ಸುಣ್ಣ.

"ನೋಡಿ ಅಕ್ಕ."

ಬೆರಳು ಅದ್ದಿದರು. ಕೆಂಪು ನೀಲಿಯಾಯಿತು. ಇನ್ನೊಂದು ಸುತ್ತು ತಿರುಗಿಸಿದರು. ಹಸಿರಾಯಿತು.

"ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿಗೆ ಓಕುಳಿ ಮಾಡಲ್ವಾ ನೀವು? ಹಳದಿ ಇದ್ದಿದ್ದು ಕೆಂಪಾಗಲ್ವಾ? ಅದೇ ಅಕ್ಕ, ಅದೇ. ವಿಷ ಅಲ್ಲ, ಬಣ್ಣ ಅಲ್ಲ. ಎಲೆ ಹಾಕ್ಕೊಂಡಿದ್ರು ಅವ್ರು. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ, ತಪ್ಪು ನಂದೇ."

ಎಷ್ಟು ಆರತಿಗೆ ಓಕುಳಿ ಕಲಸಿದ ಕೈ ನನ್ನದು! ನನಗೇ ಹೊಳೆಯಬೇಕಿತ್ತು. ತಟ್ಟೆ ಇಟ್ಟವಳೂ ನಾನೇ.

"ಒಂದ್ಸಲ ಅಂಗ್ಡಿ ತನಕ ಬಂದು ಓನರ್‌ಗೆ ಒಂದ್ಮಾತು ಹೇಳ್ತೀರಾ ಅಕ್ಕ? ನಮ್ಮನೇಲೇ ಆಗಿದ್ದು, ಸುಣ್ಣದಿಂದ ಆಗಿದ್ದು ಅಂತ. ಪಾರ್ವತಕ್ಕ ಆಗ್ಲೇ ಮಾರ್ಕೆಟ್ಟಲ್ಲಿ ಮಾತಾಡ್ತಿದಾರಂತೆ. ನೀವು ಹೇಳಿದ್ರೆ ನಂಬ್ತಾರೆ. ಇಲ್ದಿದ್ರೆ ಕಪಾಟು ಹೋಗತ್ತೆ."

ಒಳಗೆ ಯಜಮಾನರ ಗಂಟೆಯ ಸದ್ದು ಕೇಳುತ್ತಿತ್ತು.

"ನಮ್ಮನೆ ಹೆಸ್ರು ಬರಬಾರ್ದು," ಎಂದೆ. "ಯಜಮಾನ್ರಿಗೆ ಗೊತ್ತಾದ್ರೆ ನಾನು ಈ ಮನೇಲಿ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ. ನೀವು ಏನಾದ್ರೂ ಹೇಳ್ಕೊಳಿ, ನಮ್ಮನೆ ಅಂತ ಮಾತ್ರ ಹೇಳ್ಬೇಡಿ."

ಅವರು ಬಟ್ಟಲಿನಲ್ಲಿದ್ದುದನ್ನು ಚರಂಡಿಗೆ ಚೆಲ್ಲಿದರು. ಗೇಟಿನ ಪಕ್ಕದ ನಲ್ಲಿಯಲ್ಲಿ ತೊಳೆದರು. ಬೆರಳಿನ ಸುಣ್ಣವನ್ನೂ ತೊಳೆದುಕೊಂಡರು.

"ಆಯ್ತು ಬಿಡಿ ಅಕ್ಕ," ಎಂದರು.

ಅಷ್ಟೇ ಹೇಳಿದ್ದು. ಆ ದನಿಯಲ್ಲಿ ಸಿಟ್ಟಿತ್ತೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡು ನೋಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನಾನೂ ಒಂದು ಮಾತು ಆಡಿ ಜಗಳ ಮಾಡಿ ಮುಗಿಸಿಕೊಳ್ಳಬಹುದಿತ್ತು.

ಸುದ್ದಿ ಹಬ್ಬಿದ ಬಗೆಯನ್ನು ನೆನೆದರೆ ಈಗಲೂ ನಗು ಬರಬೇಕು. ಪಾರ್ವತಕ್ಕ ತಾನು ಕುಡಿದೆ ಎಂದು ಹೇಳುತ್ತಾಳೆಯೇ? "ರಾಗಿಗುಡ್ಡದಲ್ಲಿ ಯಾರೋ ಹೆಂಗ್ಸಂತೆ ಕಣೇ, ವೈನು ಕುಡಿದು ನಾಲ್ಗೆ ನೀಲಿ ಆಯ್ತಂತೆ, ಆಸ್ಪತ್ರೆಗೆ ಹಾಕಿದಾರಂತೆ," ಎಂದು ನನ್ನೆದುರಿಗೇ ಸೊಪ್ಪಿನವಳಿಗೆ ಹೇಳಿದಳು. ನಾನು ಪಕ್ಕದಲ್ಲಿ ಕೊತ್ತಂಬರಿ ಆರಿಸುತ್ತಿದ್ದೆ. "ಹೌದಂತೆ," ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ವಾರದೊಳಗೆ ಆ ರಾಗಿಗುಡ್ಡದ ಹೆಂಗಸಿಗೆ ಮಾತೇ ನಿಂತಿತ್ತು. ಇನ್ನೊಂದು ವಾರಕ್ಕೆ ಯಾರೋ ನಾಲ್ಕು ಜನ ಗಂಡಸರು ಅಂಗಡಿಯ ಮುಂದೆ ನಿಂತು ಕೂಗಾಡಿದರಂತೆ, ಹೆಂಗಸರಿಗೆ ಬಣ್ಣ ಕುಡಿಸುತ್ತೀರಾ ಎಂದು.

ದೀಪಾವಳಿಯವರೆಗೆ ಕಾಯಲೂ ಇಲ್ಲ. ಕಪಾಟಿನಲ್ಲಿ ಕ್ವಾರ್ಟರ್ ಬಂದು ಕೂತವು. ಅವರು ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಭದ್ರಾವತಿ ಬಸ್ಸಿಗೆ ಹೋಗಲು ಶುರು ಮಾಡಿದರು. ಗೇಟಿನಲ್ಲಿ ಕಂಡರೆ, "ಏನಕ್ಕ, ನೀರು ಬಂತಾ?" ಎನ್ನುವರು. "ಬಂತು," ಎನ್ನುವೆ. ವೈನಿನ ಮಾತು ಮತ್ತೆ ಬರಲಿಲ್ಲ. ಅವರು ಮಾತಿಗೆ ಮುಂಚೆ ಅಂಗುಳಕ್ಕೆ ನಾಲಿಗೆ ಒತ್ತುವುದು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಒಂದು ದಿನ ನೋಡಿದರೆ ಇರಲಿಲ್ಲ.

ಒಮ್ಮೆ ಮದುವೆಯೊಂದಕ್ಕೆ ಭದ್ರಾವತಿಗೆ ಹೋದಾಗ ಆಟೋ ಆ ಅಂಗಡಿಯ ಮುಂದೆಯೇ ಹೋಯಿತು. ಜಾಲರಿ ಇತ್ತು, ತೂತು ಇತ್ತು. ಹೊರಗಿನ ಕೈಗಳು ಒಳಗೆ ಹೋಗಿ ಬರುತ್ತಿದ್ದವು. ಒಳಗಿನಿಂದಲೂ ಒಂದು ಕೈ ಬಂತು. ಕೊಟ್ಟು ವಾಪಸ್ ಹೋಗಿ ಟವೆಲಿಗೆ ಒರೆಸಿಕೊಂಡಿತು. ಆಟೋ ನಿಲ್ಲಿಸು ಎನ್ನಬಹುದಿತ್ತು. ಮದುವೆಗೆ ಹೊತ್ತಾಗಿತ್ತು ಎಂದೇನೂ ಅಲ್ಲ. ಪಕ್ಕದಲ್ಲಿ ಯಜಮಾನರು ಕೂತಿದ್ದರು.

ಎರಡು ವರ್ಷದ ಹಿಂದೆ ಯಜಮಾನರೂ ಹೋದರು. ನನ್ನ ನೆಪ ಅವರೊಂದಿಗೇ ಹೋಯಿತು. ಇನ್ನು ಯಾರಿಗೆ ಹೆದರಬೇಕು? ಈ ಎರಡು ವರ್ಷದಲ್ಲಿ ಯಾವತ್ತು ಬೇಕಾದರೂ ಹೋಗಿ ಹೇಳಬಹುದಿತ್ತು. ಅವರು ಎದುರುಮನೆಯಲ್ಲೇ ಇದ್ದರು. ನಾಳೆ, ಹಬ್ಬ ಮುಗಿಯಲಿ, ಮಂಡಿ ನೋವು ಕಡಿಮೆಯಾಗಲಿ ಎಂದು ದಿನ ದೂಡಿದೆ. ಅವರು ಒಂದು ಬೆಳಿಗ್ಗೆ ಏಳಲಿಲ್ಲ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಹೋದೆ. ಊಟ ಮಾಡಿದೆ. ಗೋಧಿ ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತು. ಇದನ್ನು ಅವರು ರುಚಿ ನೋಡಿದ್ದರೆ "ಹೋಗ್ಲಿ" ಎನ್ನುತ್ತಿರಲಿಲ್ಲ. ಹಾಗೆಂದುಕೊಂಡರೂ ಏನೂ ಆಗಲಿಲ್ಲ.

ಮರುದಿನ ಹತ್ತು ಗಂಟೆಗೆ ಆಟೋ ಮಾಡಿಕೊಂಡು ಶಿವಮೊಗ್ಗದ ಆ ಅಂಗಡಿಗೆ ಹೋದೆ. ಕೌಂಟರಿನ ಮುಂದೆ ಆಗಲೇ ಏಳೆಂಟು ಗಂಡಸರು. ನನ್ನನ್ನು ನೋಡಿ ದಾರಿ ಬಿಟ್ಟರು. "ಅಜ್ಜಿ, ಮೆಡಿಕಲ್ ಶಾಪ್ ಆ ಕಡೆ," ಎಂದ ಒಬ್ಬ. "ಗೊತ್ತು ಕಣೋ, ನಿನ್ನನ್ನ ಅಲ್ಲಿಗೆ ಕಳಿಸ್ಬೇಕು ಮೊದ್ಲು," ಎಂದೆ. ಎಲ್ಲರೂ ನಕ್ಕರು.

ಓನರ್ ಈಗ ಹುಡುಗನಲ್ಲ. ಕಿವಿಯ ಹತ್ತಿರ ನರೆ ಬಂದಿದೆ. ನಿಮ್ಮಲ್ಲಿ ಮುಂಚೆ ಇದ್ದರಲ್ಲ, ವಿಭೂತಿ ಹಚ್ಚುತ್ತಿದ್ದವರು, ಅವರು ತೀರಿಕೊಂಡರು ಎಂದೆ. ಗೊತ್ತಾಯಿತು, ಹೂವು ಕಳಿಸಿದ್ದೆ ಎಂದ.

"ಅವತ್ತು ನೀಲಿ ಆಯ್ತು ಅಂತ ಗಲಾಟೆ ಆಯ್ತಲ್ಲಪ್ಪ, ಅದು ಬಣ್ಣ ಅಲ್ಲ. ಎಲೆಗೆ ಹಚ್ಚಿದ ಸುಣ್ಣದಿಂದ ಆಗಿದ್ದು," ಎಂದೆ.

"ಗೊತ್ತು ಅಜ್ಜಿ. ಆಗ್ಲೇ ಹೇಳಿದ್ರು ಅವ್ರು. ಸುಣ್ಣ ತಂದು ಇದೇ ಕೌಂಟರ್ ಮೇಲೆ ಮಾಡಿ ತೋರ್ಸಿದ್ರು."

"ಮತ್ತೆ?"

"ಯಾರ ಮನೇಲಿ ಆಗಿದ್ದು ಹೇಳಿ, ಹೋಗಿ ಒಂದ್ಮಾತು ಕೇಳ್ಕೊಂಡ್ಬರ್ತೀನಿ, ಹೊರಗಡೆ ಜನಕ್ಕೂ ಹೇಳ್ಬಹುದು ಅಂದೆ. ಬಾಯೇ ಬಿಡ್ಲಿಲ್ಲ ಅವ್ರು. ಎಷ್ಟು ಕೇಳಿದ್ರೂ ಇಲ್ಲ. ನಾನೇನು ಅಂದ್ಕೋಬೇಕು ಹೇಳಿ? ಕಪಾಟು ಉಳಿಸ್ಕೊಳಕ್ಕೆ ಕಥೆ ಕಟ್ತಿದಾರೆ ಅಂದ್ಕೊಂಡೆ. ಎಲ್ಲ ಗಿರಾಕಿಗಳ ಎದುರಿಗೇ ಅಂದುಬಿಟ್ಟೆ ಅಜ್ಜಿ, ಈ ವಯಸ್ಸಲ್ಲಿ ಸುಳ್ಳು ಹೇಳ್ಬೇಡಿ ಅಂತ."

"ಅವ್ರೇನಂದ್ರು?"

"ಕಪಾಟಿನ ಕೀ ಬಿಚ್ಚಿ ಇಲ್ಲಿಟ್ರು."

ಅವನು ಕೌಂಟರಿನ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲೊಂದು ಒದ್ದೆ ಬಟ್ಟೆ ಇತ್ತು.

"ಆ ಮನೆ ನಮ್ದು ಕಣಪ್ಪ," ಎಂದೆ.

ಅವನು ನನ್ನ ಮುಖ ನೋಡಿದ. ಆ ಒದ್ದೆ ಬಟ್ಟೆ ಎತ್ತಿ ಕೌಂಟರ್ ಒರೆಸಿದ. ನನ್ನ ಹಿಂದಿನಿಂದ ಒಂದು ಕೈ ಮುಂದೆ ಬಂತು.

"ಅಜ್ಜಿ, ನಿಮ್ದು ಆಗಿದ್ರೆ ಸ್ವಲ್ಪ ಸೈಡಿಗೆ ಬನ್ನಿ. ನಮ್ಗೆ ಡ್ಯೂಟಿಗೆ ಟೈಮಾಯ್ತು."

ನನ್ನದು ಆಗಿತ್ತು. ಸೈಡಿಗೆ ಬಂದೆ.